ಕಾವೇರಿ ಮನೆಗೆ ಬಂದ ಮೇಲೆ

'ಶರಪಂಜರ' ನೋಡಿದವರು ಇವತ್ತಿಗೂ ಎರಡು ಮಾತಂತೂ ಆಡೇ ಆಡ್ತಾರೆ. ಒಂದು, ಕಲ್ಪನಾ ಎಂಥಾ ಅಭಿನಯ ಮಾಡಿದ್ದಾರೆ ಅಂತ. ಇನ್ನೊಂದು, ಆ ಗಂಡನಿಗೆ ಹಿಡಿಶಾಪ. ಎರಡೂ ನ್ಯಾಯವಾದ ಮಾತೇ. ಆದರೆ ತ್ರಿವೇಣಿಯವರ ಕಾದಂಬರಿಯನ್ನ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದಾಗ ಅದರೊಳಗೆ ಇನ್ನೊಂದು ವಿಷಯಾನೂ ಬಂತು. ಅದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಬಂದವರನ್ನ ಹೇಗೆ ನೋಡಿಕೊಳ್ಳಬೇಕು ಅನ್ನೋದು ಆ ಮನೆಯವರಿಗೆ ಗೊತ್ತಿಲ್ಲ.

ಕಥೆ ನಿಮಗೆ ಗೊತ್ತಿದೆ. ಹೆರಿಗೆಯಾದ ಮೇಲೆ ಕಾವೇರಿಗೆ ಕಾಯಿಲೆ ಬರುತ್ತೆ. ನಮ್ಮ ಹಳ್ಳಿ ಕಡೆ ಇದಕ್ಕೆ ಬಾಣಂತಿ ಸನ್ನಿ ಅಂತಾರೆ. ಸಾವಿರ ಹೆರಿಗೆಗೆ ಒಂದೋ ಎರಡೋ ಆಗುವಂಥದ್ದು, ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೇ ಕಾಣಿಸಿಕೊಳ್ಳುತ್ತೆ. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಚಿಕಿತ್ಸೆ ಸಿಕ್ಕರೆ ಬಹುತೇಕ ತಾಯಂದಿರು ಚೆನ್ನಾಗೇ ಗುಣವಾಗ್ತಾರೆ. ಕಾವೇರೀನೂ ಗುಣವಾಗಿ ಬರ್ತಾಳೆ. ಅಸಲಿ ಕಷ್ಟ ಶುರುವಾಗೋದು ಅವಳು ಹೊಸಿಲು ದಾಟಿ ಒಳಗೆ ಬಂದ ಮೇಲೆ.

ನಾನು ಈ ಸಿನಿಮಾನ ಮತ್ತೆ ನೋಡಿದ್ದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗಳು. ಯಲಹಂಕದ ನಮ್ಮ ಮನೇಲೇ ಇದ್ದುಕೊಂಡು ಬಿಎಸ್ಸಿ ನರ್ಸಿಂಗ್ ಓದ್ತಿದ್ದಾಳೆ. ಈ ಸಲ ಅವಳಿಗೆ ಮಾನಸಿಕ ಆರೋಗ್ಯ ಶುಶ್ರೂಷೆಯ ಪೇಪರ್. ರಾತ್ರಿ ಅವಳು ಗಟ್ಟಿಯಾಗಿ ಓದೋದನ್ನ ಕೇಳಿ ಕೇಳಿ ನಾನೂ ಪುಸ್ತಕ ತಿರುವಿ ಹಾಕಿದೆ. ದೊಡ್ಡ ದೊಡ್ಡ ರೋಗಗಳ ಹೆಸರು ಇರುತ್ತೆ ಅಂದ್ಕೊಂಡಿದ್ದೆ. ಅವೂ ಇವೆ. ಆದರೆ ಅಡಿಪಾಯದ ಪಾಠಗಳು ತುಂಬಾ ಸರಳ. ನಿದ್ದೆ ಎಷ್ಟು ಹೊತ್ತು, ಊಟ ಹೇಗೆ, ಸ್ನಾನ ಮಾಡಿದ್ರಾ, ಮಾತು ಹೆಚ್ಚಾಗಿದೆಯಾ ಕಮ್ಮಿಯಾಗಿದೆಯಾ, ಇಷ್ಟನ್ನ ದಿನಾ ಗಮನಿಸು. ಹತ್ತು ನಿಮಿಷ ಬಿಟ್ಟು ಬರ್ತೀನಿ ಅಂದ್ರೆ ಹತ್ತೇ ನಿಮಿಷಕ್ಕೆ ಹೋಗು. ಮಾತ್ರೆ ನುಂಗಿದ್ರಾ ನೋಡು, ಕೈ ನಡುಗುತ್ತಾ, ಮೈ ಬಿಗಿಯಾಗುತ್ತಾ ಅಂತಾನೂ ನೋಡು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳು, ಕೇಳಿದ್ರಿಂದ ಆ ಯೋಚನೆ ಹುಟ್ಟಲ್ಲ.

"ಯಾರೋ ನನ್ನ ಊಟಕ್ಕೆ ವಿಷ ಹಾಕಿದ್ದಾರೆ ಅಂತ ರೋಗಿ ಹೇಳಿದ್ರೆ ಏನು ಮಾಡ್ತೀಯಾ?" ಅಂತ ಅವಳನ್ನ ಕೇಳಿದೆ. "ಅಣ್ಣಾ, ಹೌದು ಅನ್ನಬಾರ್ದು. ಇಲ್ಲ ಅಂತ ವಾದಾನೂ ಮಾಡಬಾರ್ದು. ನಿಮಗೆ ತುಂಬಾ ಭಯ ಆಗ್ತಿರಬೇಕು ಅಲ್ವಾ ಅಂತ ಪಕ್ಕದಲ್ಲಿ ಕೂರಬೇಕು" ಅಂದಳು.

ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ಪುಸ್ತಕ ಬರೆದು ಹೇಳಿದ್ದು ಇದನ್ನೇ: ನರ್ಸ್‌ಗೂ ರೋಗಿಗೂ ನಡುವೆ ಬೆಳೆಯೋ ಸಂಬಂಧಾನೇ ಶುಶ್ರೂಷೆಯ ಮುಖ್ಯ ಭಾಗ.

ಈ ಪಾಠಗಳನ್ನ ತಲೇಲಿಟ್ಟುಕೊಂಡು 'ಶರಪಂಜರ' ನೋಡಿ. ಕಾವೇರಿ ಮೇಲೆ ಎಲ್ಲರ ಕಣ್ಣಿದೆ, ಆದರೆ ಅದು ಕಾವಲಿನ ಕಣ್ಣು. ಅವಳು ಸುಮ್ಮನಿದ್ದರೆ ಅನುಮಾನ, ಸಿಟ್ಟು ಮಾಡಿಕೊಂಡರೆ ಮತ್ತೆ ಶುರುವಾಯ್ತು ಅನ್ನೋ ಭಯ. ಒಂದು ಸಲ ಹುಚ್ಚಿ ಅನ್ನಿಸಿಕೊಂಡವಳಿಗೆ ಎಲ್ಲರಂತೆ ಸಿಟ್ಟು ಮಾಡಿಕೊಳ್ಳೋ ಹಕ್ಕೂ ಹೋಗಿಬಿಟ್ಟಿರುತ್ತೆ. ಗಂಡನ ಮೇಲೆ ಅವಳಿಗೆ ಬರೋ ಅನುಮಾನ ನಿಜವಾದದ್ದು, ಅವನಿಗೆ ಇನ್ನೊಂದು ಸಂಬಂಧ ಇದೆ. ರೋಗಿ ಹೇಳಿದ್ದೆಲ್ಲ ರೋಗದ ಲಕ್ಷಣ ಅಂತ ತಳ್ಳಿಹಾಕಬಾರದು, ಮೊದಲು ವಿಚಾರಿಸಿ ನೋಡಬೇಕು ಅನ್ನೋದು ನರ್ಸಿಂಗಿನ ಮೊದಲ ಪಾಠಗಳಲ್ಲೊಂದು. ಪುಟ್ಟಣ್ಣನವರು ಇದನ್ನ ಯಾವ ಪುಸ್ತಕದ ಸಹಾಯವೂ ಇಲ್ಲದೆ ತೋರಿಸಿಬಿಟ್ಟಿದ್ದಾರೆ. ಸಿನಿಮಾದ ದೊಡ್ಡತನ ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ.

ತಕರಾರೂ ಇದೆ. ಗಂಡನ ದ್ರೋಹವನ್ನ ಅಷ್ಟು ದೊಡ್ಡದು ಮಾಡಿರೋದ್ರಿಂದ ನೋಡುವವರಿಗೆ ಸುಲಭವಾಗಿಬಿಡುತ್ತೆ. ಅವನಿಗೆ ಬೈದು, ಕಣ್ಣೊರೆಸಿಕೊಂಡು ಎದ್ದುಬಿಡ್ತೀವಿ. ಅವನು ಶುದ್ಧ ಚಿನ್ನದಂಥ ಗಂಡ ಆಗಿದ್ದು, ಮನೇಲಿ ದಿನಾ ಕೊಂಕು ಮಾತು ನಡೀತಿದ್ದರೂ ಕಾವೇರಿಗೆ ಅಪಾಯ ಇದ್ದೇ ಇತ್ತು. ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಜೊತೆಯವರು, ಸ್ಕಿಜೋಫ್ರೇನಿಯಾಗೆ ಚಿಕಿತ್ಸೆ ಪಡೆದು ಮನೆಗೆ ಹೋದವರನ್ನ 1950–60ರ ದಶಕಗಳಲ್ಲಿ ಅಧ್ಯಯನ ಮಾಡಿದರು. ಸದಾ ಟೀಕೆ, ದ್ವೇಷ ಇರುವ ಮನೆಗೆ ಹೋದವರಲ್ಲಿ ಕಾಯಿಲೆ ಮರುಕಳಿಸೋದು ಹೆಚ್ಚು ಅಂತ ಕಂಡರು. ಅತಿಯಾಗಿ ತಲೆಹಾಕೋ ಮನೆಗಳಲ್ಲೂ ಹಾಗೇ. ಶರಪಂಜರ ಅಂದ್ರೆ ಬಾಣಗಳ ಪಂಜರ ತಾನೆ? ಒಂದೊಂದು ಬಾಣಾನೂ ಒಂದು ಸಣ್ಣ ಮಾತು.

ಇನ್ನೊಂದು ತಕರಾರು ಕೊನೆಯ ಬಗ್ಗೆ. ಕಾವೇರಿ ಮತ್ತೆ ಆಸ್ಪತ್ರೆಗೆ ಹೋಗೋದನ್ನ ನಾವು ಸಾವು ನೋಡಿದ ಹಾಗೆ ನೋಡ್ತೀವಿ. ಮರುಕಳಿಸಿದ ಕಾಯಿಲೆಗೆ ಮತ್ತೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ನಲ್ಲಿ ಈಗ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಳ್ಳೋ ವಾರ್ಡೇ ಇದೆ. ಆದರೂ ನಮ್ಮ ಆಫೀಸುಗಳಲ್ಲಿ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅನ್ನೋದು ಇನ್ನೂ ಜೋಕೇ.

ಇದೇ ಊರಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, 1974ರಲ್ಲಿ ಅದೇ ನಿಮ್ಹಾನ್ಸ್ ಆಯ್ತು. ಮನೋರೋಗ ಶುಶ್ರೂಷೆಯ ತರಬೇತಿ ಇಲ್ಲಿ ಆ ಐವತ್ತರ ದಶಕದಿಂದಲೇ ಇದೆ. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ಮಾಡಿದ ಕೆಲಸ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೇ ಮಾದರಿಯಾಯ್ತು. ಅಂದ್ರೆ ಪರಿಣತರಲ್ಲದವರಿಗೂ ಇದನ್ನ ಕಲಿಸಬಹುದು ಅಂತ ನಮ್ಮ ರಾಜ್ಯವೇ ತೋರಿಸಿಕೊಟ್ಟಿದೆ. ಕಲಿಕೆ ಮನೆಯೊಳಗೆ ಬರೋದು ಮಾತ್ರ ಬಾಕಿ.

ನಮ್ಮೂರಲ್ಲಿ ಒಬ್ಬ ಅಕ್ಕ ಇದ್ದಾರೆ. ಡಿಸ್ಚಾರ್ಜ್ ಆಗುವಾಗ ಆಸ್ಪತ್ರೆಯವರು ಮಾತ್ರೆ ಚೀಟಿ ಕೊಟ್ಟು, ಮುಂದಿನ ತಾರೀಖು ಬರೆದು ಕಳಿಸಿದರು. ಮನೆಯವರನ್ನ ಕೂರಿಸಿಕೊಂಡು ಯಾರೂ ಏನೂ ಹೇಳಲಿಲ್ಲ. ಮೂರು ತಿಂಗಳಿಗೆ, "ಈಗ ಚೆನ್ನಾಗಿದ್ದಾಳಲ್ಲ, ಇನ್ಯಾಕೆ ಮಾತ್ರೆ" ಅಂತ ಅತ್ತೆ ನಿಲ್ಲಿಸಿದರು. ಅವರು ಕೆಟ್ಟವರಲ್ಲ, ಸೊಸೆ ಮೇಲೆ ಪ್ರೀತಿ ಇದ್ದೇ ಹಾಗೆ ಮಾಡಿದ್ದು. ಚೆನ್ನಾಗಿರೋದು ಮಾತ್ರೆಯಿಂದಲೇ, ಡಾಕ್ಟರನ್ನ ಕೇಳದೆ ನಿಲ್ಲಿಸಬಾರದು ಅಂತ ಅವರಿಗೆ ಹೇಳೋಕೆ ಎರಡು ನಿಮಿಷ ಸಾಕಿತ್ತು. ಆ ಅಕ್ಕ ಆಮೇಲೆ ಒಂದು ವರ್ಷ ಒದ್ದಾಡಿದರು. ಅಲ್ಲಿ ದ್ರೋಹ ಮಾಡೋ ಗಂಡ ಯಾರೂ ಇರಲಿಲ್ಲ.

ಈಗ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ರೋಗಿಯ ಮನೆಯವರೂ ಮಾಡಬಹುದು. 'ಶರಪಂಜರ' ಮುಂದಿನ ಸಲ ಟೀವೀಲಿ ಬಂದಾಗ ಗಂಡನನ್ನ ಸ್ವಲ್ಪ ಹೊತ್ತು ಬಿಟ್ಟು, ಮನೆಯ ಮಿಕ್ಕವರನ್ನ, ಅಕ್ಕಪಕ್ಕದವರನ್ನ ನೋಡಿ. ಕಾವೇರೀನ ಯಾರಾದ್ರೂ "ರಾತ್ರಿ ನಿದ್ದೆ ಬಂತಾ?" ಅಂತ ಕೇಳ್ತಾರಾ ಗಮನಿಸಿ.