ಕಾಗದದ ಮೇಲಿನ ವಿಜಯನಗರ

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯಲ್ಲಿ ತೆಗೆದ ಛಾಯಾಚಿತ್ರಗಳನ್ನು ಮೆಚ್ಚುವವರು ಅವುಗಳಲ್ಲಿನ ನಿರ್ಜನತೆಯನ್ನೇ ಮೊದಲು ಕೊಂಡಾಡುತ್ತಾರೆ. ಆ ಶೂನ್ಯದಲ್ಲಿ ಸಾಮ್ರಾಜ್ಯದ ಅಳಿವನ್ನು ಕಾಣುವುದು ರಸಿಕತೆಯಿರಬಹುದು, ವಿಮರ್ಶೆಯಲ್ಲ. ಸಾಮಗ್ರಿಯನ್ನು ಮೊದಲು ವಿಚಾರಿಸಬೇಕು.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಟಾಲ್ಬಟ್ 1841ರಲ್ಲಿ ಹಕ್ಕು ಪಡೆದಿದ್ದ ಕಾಗದದ ವಿಧಾನವನ್ನು ಫ್ರಾನ್ಸಿನ ಲೆ ಗ್ರೇ 1851ರಲ್ಲಿ ಈ ರೂಪಕ್ಕೆ ತಂದನು. ಮೇಣ ಹಿಡಿದ ಕಾಗದವನ್ನು ಅಯೋಡೈಡಿನಲ್ಲೂ ಆಮೇಲೆ ಸಿಲ್ವರ್ ನೈಟ್ರೇಟಿನಲ್ಲೂ ಅದ್ದಿ ಒಣಗಿಸಿ, ಕೆಲವು ದಿನ ಇಟ್ಟುಕೊಂಡು ಬಳಸಬಹುದಾಗಿತ್ತು. ಅದೇ ವರ್ಷ ಬಂದ ಕೊಲೋಡಿಯನ್ ಗಾಜಿಗಾದರೋ ಕತ್ತಲೆಯ ಗುಡಾರ ಪಕ್ಕದಲ್ಲೇ ಬೇಕು. ಲೇಪ ಆರುವ ಮೊದಲೇ ಎಲ್ಲವೂ ಮುಗಿಯಬೇಕು. ನಮ್ಮ ಬಿಸಿಲಿನ ಪ್ರವಾಸಿಗೆ ಕಾಗದವೇ ಗತಿ. ಆದರೆ ಅದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು; ಅಷ್ಟರಲ್ಲಿ ನಡೆದುಹೋದವನ ಗುರುತು ಉಳಿಯದು. ನೀಲಿಗೆ ಬಹಳ ಬೇಗ ಮಾರ್ಪಡುವ ಬೆಳ್ಳಿಯ ಲವಣದಿಂದ ಆಕಾಶವೂ ಬರಿಯ ಬಿಳುಪು. ಖಾತೆಪುಸ್ತಕದ ಖಾಲಿ ಅಂಕಣವನ್ನು ಸೊನ್ನೆಯೆಂದು ಓದಕೂಡದೆಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಧಾರವಾಡ, ಮೈಸೂರುಗಳ ವಾಸ್ತುವಿನ ಚಿತ್ರಗಳಿಗೆ 1866ರ ಗ್ರಂಥದಲ್ಲಿ ಮೆಡೋಸ್ ಟೇಲರನ ಬರಹ ಜೊತೆಗೂಡಿತು. ಒಮ್ಮೆ ನಿಜಾಮರ ಸೇವೆಯಲ್ಲಿ ಸುರಪುರವನ್ನು ನೋಡಿಕೊಂಡಿದ್ದ ಅವನು ಹೈದರಾಬಾದಿನ ಕನ್ನಡಿಗರಿಗೆ ಅಪರಿಚಿತನಲ್ಲ. ಗ್ರೀನ್‌ಲಾನ ಚಿತ್ರಗಳಿಗೆ ಅಂಥ ಭಾಗ್ಯ ಬಹುಕಾಲ ಒದಗಲಿಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಅವೇ ನೆಲೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಹೋಲಿಸಿದರೆ, ಅಲುಗದ ಕಲ್ಲಿನ ವಿಷಯದಲ್ಲಿ ಹಳೆಯ ಕಾಗದ ಎಷ್ಟು ನಂಬಿಗಸ್ತನೆಂಬುದು ತಿಳಿಯುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಗ್ರೀನ್‌ಲಾನ ಚಿತ್ರದಲ್ಲಿ ಇಟ್ಟಿಗೆಯ ಶಿಖರವಿದೆ, ಈಗ ಅದಿಲ್ಲ. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಮೇಲಿರುವುದೂ ಶಿಖರವಿಲ್ಲದ ರಥವೇ.