‘ಭಕ್ತ ಕನಕದಾಸ’: ಪ್ರೇಕ್ಷಕರ ಮತಭೇದವನ್ನು ಕುರಿತು

ಕವಿಯೊಬ್ಬನ ಬಾಳನ್ನು ಕಥೆಯಾಗಿ ಹೆಣೆದು ತೆರೆಗೆ ತಂದಾಗ ನೋಡುವವರಲ್ಲಿ ಮತಭೇದ ಹುಟ್ಟುವುದು ಸಹಜ. ವೈ. ಆರ್. ಸ್ವಾಮಿಯವರು ನಿರ್ದೇಶಿಸಿ, ರಾಜಕುಮಾರರು ಕನಕನ ಪಾತ್ರವನ್ನು ವಹಿಸಿದ ‘ಭಕ್ತ ಕನಕದಾಸ’ (1960) ಇದಕ್ಕೆ ನಿದರ್ಶನ. ಗುಡಿಯ ಹೊರಗೆ ನಿಂತ ಭಕ್ತನ ಮೊರೆಗೆ ಗೋಡೆ ಬಿರಿದು ಕೃಷ್ಣನು ಪಶ್ಚಿಮಾಭಿಮುಖನಾಗುವುದು ಅದರ ಪರಮಸನ್ನಿವೇಶ. ಕನಕನ ಕಿಂಡಿಯ ನೆರೆಯವರೇ ಆದ ಆದಿ ಉಡುಪಿಯ ನಮಗೆ ಈ ಚರ್ಚೆ ದೂರದ್ದಲ್ಲ.

ನಾವು ಕೇಳಿಬಂದ ಅಭಿಪ್ರಾಯಗಳನ್ನು ಮೂರಾಗಿ ವಿಂಗಡಿಸಬಹುದು. ಐತಿಹ್ಯವನ್ನು ಶ್ರದ್ಧೆಯಿಂದ ಚಿತ್ರಿಸಿದ್ದಾರೆ, ಬೇರೆ ಪ್ರಮಾಣವೇಕೆ ಎಂಬುದು ಮೊದಲನೆಯದು. ಪವಾಡವನ್ನು ಚರಿತ್ರೆಯೆಂದು ತೋರಿಸುವುದು ಸಲ್ಲದು ಎಂಬುದು ಎರಡನೆಯದು. ದೇವರು ತಿರುಗಿದನು ನಿಜ, ಬಾಗಿಲು ತೆರೆಯಿತೇ ಎಂಬ ಪ್ರಶ್ನೆ ಮೂರನೆಯದು. ಮೊದಲೆರಡು ಪಕ್ಷಗಳು ಪರಸ್ಪರ ವಿರುದ್ಧವಾಗಿ ತೋರಿದರೂ ಎರಡರ ದೃಷ್ಟಿಯೂ ಗೋಡೆಯ ಮೇಲೆಯೇ ನೆಟ್ಟಿದೆ. ಮೂರನೆಯದು ಮಾತ್ರ ಗೋಡೆಯನ್ನು ದಾಟಿ ಸಮಾಜದತ್ತ ನೋಡುತ್ತದೆ.

ಚಲಚ್ಚಿತ್ರದ ಶಕ್ತಿಯೂ ಅಪಾಯವೂ ಇಲ್ಲಿ ಒಂದೆಡೆ ಸೇರಿವೆ. ಬಾಗಿಲನ್ನು ತೆರೆಯೆಂದು ಬೇಡುವ ಕೀರ್ತನೆ ಪಿ. ಬಿ. ಶ್ರೀನಿವಾಸರ ಕಂಠದಲ್ಲಿ ಮನೆಮಾತಾಯಿತು. ಕೀರ್ತನೆಯ ಬಾಗಿಲು ಕರುಣೆಯ ಬಾಗಿಲಾಗಿರಬಹುದು, ಯಾವ ಗುಡಿಯ ಬಾಗಿಲಾದರೂ ಆಗಿರಬಹುದು. ಚಿತ್ರವನ್ನು ಕಂಡವರಿಗಾದರೋ ಅದು ಉಡುಪಿಯ ಒಂದು ದಿನದ ಸಾಕ್ಷ್ಯವಾಗಿಬಿಡುತ್ತದೆ. ಪದ್ಯದ ಭಾವವನ್ನು ಘಟನೆಯ ದಾಖಲೆಯೆಂದು ಓದುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. ಚಿತ್ರ ಜನಮನದಲ್ಲಿ ನೆಲೆಗೊಳಿಸಿದ್ದು ಬೇಡುವ ಕನಕನನ್ನು. ವಾದಿಸುವ ಕನಕನು ಮರೆಯಾಗಿದ್ದಾನೆ. ‘ಮೋಹನತರಂಗಿಣಿ’, ‘ನಳಚರಿತ್ರೆ’, ‘ಹರಿಭಕ್ತಿಸಾರ’ಗಳನ್ನು ರಚಿಸಿದ ಈ ಕವಿಯೇ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವಾದವನ್ನು ಹೂಡಿದನು. ಯಾರು ಮೇಲೆಂಬುದನ್ನು ತಿಳಿಯಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಉಳಿಯುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ. ಇಲ್ಲಿ ಗೋಡೆ ಬಿರಿಯುವುದಿಲ್ಲ. ಬಡವರ ಧಾನ್ಯವು ಸಭೆಯಲ್ಲಿ ನಿಂತು ತನ್ನ ಯೋಗ್ಯತೆಯನ್ನು ಪರೀಕ್ಷೆಗೊಡ್ಡಿ ಗೆಲ್ಲುತ್ತದೆ. ಕುಚ್ಚಲಕ್ಕಿಯನ್ನುಂಡು ಬೆಳೆದ ಕರಾವಳಿಯವರಾದ ನಮಗೆ ಈ ಕಾವ್ಯ ವಿಶೇಷವಾಗಿ ಮನನೀಯ. ಆದರೂ ಚಿತ್ರವನ್ನು ಕುರಿತ ಮಾತುಕತೆಯಲ್ಲಿ ಇದರ ಹೆಸರನ್ನು ನಾವು ಕೇಳಿದ್ದು ಅಪರೂಪ.

ಮೂರನೆಯ ಪಕ್ಷದ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ಹಿಂದೂ ದೇವಾಲಯಗಳ ಪ್ರವೇಶ ಎಲ್ಲ ಹಿಂದೂಗಳ ಹಕ್ಕೆಂದು ಮದರಾಸಿನ ಶಾಸನವಾದದ್ದು 1947ರಲ್ಲಿ, ಚಿತ್ರ ತೆರೆ ಕಾಣುವುದಕ್ಕೆ ಹದಿಮೂರು ವರ್ಷ ಮೊದಲು. ಹೊರಗೆ ನಿಂತವನಿಗಾಗಿ ಮರುಗುವುದು ಪ್ರೇಕ್ಷಕನಿಗೆ ಸುಲಭ. ಅವನನ್ನು ಹೊರಗೆ ನಿಲ್ಲಿಸಿದವರು ಯಾರೆಂದು ಕೇಳುವುದು ಕಷ್ಟ. ಪವಾಡವು ಕಣ್ಣೀರನ್ನು ತರಿಸಿ ಆ ಕಷ್ಟವನ್ನು ತಪ್ಪಿಸುತ್ತದೆ. ಶಾಸನದ ಹಿಂದೆ ಇದ್ದದ್ದು ದೀರ್ಘಕಾಲದ ವಾದ ಮತ್ತು ಹೋರಾಟ.

ಹೀಗೆಂದ ಮಾತ್ರಕ್ಕೆ ಚಿತ್ರವನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಐತಿಹ್ಯವೂ ಜನರ ಅಂತಃಕರಣದ ದಾಖಲೆಯೇ: ಹೊರಗಿಟ್ಟದ್ದು ಅನ್ಯಾಯವೆಂದು ಮನಗಂಡವರೇ ದೇವರನ್ನು ಹೊರಗಿದ್ದವನತ್ತ ತಿರುಗಿಸಿದರು. ಆದರೆ ಅಧ್ಯಾಪಕರು ಚಿತ್ರವನ್ನು ತೋರಿಸುವಾಗ ‘ರಾಮಧಾನ್ಯ ಚರಿತೆ’ಯನ್ನೂ ಜೊತೆಗೆ ಓದಿಸಲಿ. ಆಗ ನಡೆಯುವ ಚರ್ಚೆಯಲ್ಲಿ ಕವಿಗೂ ಮಾತು ದೊರೆಯುತ್ತದೆ.