ಚಿಕ್ಕಬೆಟ್ಟದ ಹೆಸರುಗಳೂ ದೊಡ್ಡಬೆಟ್ಟದ ಮೊಬೈಲುಗಳೂ

ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ೬೦೦ಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿ ಬಂದ ಯಾತ್ರಿಕರಲ್ಲಿ ಅನೇಕರು ಈಗ ಗೊಮ್ಮಟಸ್ವಾಮಿಯ ಇದಿರಿಗೆ ಬಂದೊಡನೆ ಮಾಡುವ ಮೊದಲ ಕೆಲಸವು ಕೈಮುಗಿಯುವುದಲ್ಲ. ಸ್ವಾಮಿಗೆ ಬೆನ್ನು ತಿರುಗಿಸಿ ಮೊಬೈಲನ್ನು ಮೇಲೆತ್ತುವುದು. ೫೮ ಅಡಿಯ ವಿಗ್ರಹವು ತಮ್ಮ ಹೆಗಲ ಹಿಂದೆ ಹಿಡಿಸಬೇಕೆಂದು ಅವರು ಬಾಗಿ ಬಳುಕುವುದನ್ನು ನೋಡಿ ನಗುವವರುಂಟು, ಸಿಡುಕುವವರೂ ಉಂಟು. ಇದು ಕಲಿಕಾಲದ ಅವಿನಯವೆಂಬ ಆಕ್ಷೇಪಣೆಯು ಸುಲಭವಾದುದು; ಆದರೆ ವಿಚಾರಕ್ಕೆ ನಿಲ್ಲತಕ್ಕುದಲ್ಲ.

ತಾನು ಬಂದುದಕ್ಕೆ ಗುರುತು ಬೇಕೆಂಬ ಆಸೆಯು ಹೊಸತೇನೂ ಅಲ್ಲ. ಎದುರಿನ ಚಿಕ್ಕಬೆಟ್ಟದ ಬಂಡೆಗಳಲ್ಲಿ ಯಾತ್ರಿಕರು ಕೆತ್ತಿದ ಹೆಸರುಗಳು ಎಷ್ಟೋ ಇವೆ. ಅಲ್ಲಿಯ ‘ಶ್ರೀ ಕವಿರತ್ನ’ ಎಂಬ ಬರಹವು ರನ್ನನದೇ ಎಂದು ವಿದ್ವಾಂಸರು ಊಹಿಸಿರುವರು. ಆ ಮಹಾಕವಿಗೂ ಈ ಚಾಪಲ್ಯವು ತಪ್ಪಲಿಲ್ಲವೆಂದ ಮೇಲೆ ನಮ್ಮ ಹುಡುಗರನ್ನು ಬಯ್ಯುವುದೇಕೆ? ಮೊಬೈಲಿನಿಂದ ಬಂಡೆಗೆ ಉಳಿಯ ಏಟು ತಪ್ಪಿತೆಂಬ ಲಾಭವೂ ಇದೆ.

ಆದರೂ ಎರಡಕ್ಕೂ ಭೇದವುಂಟು. ಕೆತ್ತಿದವನು ತನ್ನ ಹೆಸರನ್ನು ಕ್ಷೇತ್ರದಲ್ಲಿ ಬಿಟ್ಟುಹೋದನು. ಚಿತ್ರ ತೆಗೆದವನು ಕ್ಷೇತ್ರವನ್ನು ತನ್ನ ಜೇಬಿನಲ್ಲಿ ಒಯ್ಯುತ್ತಾನೆ. ೧೮೮೯ರಲ್ಲಿ ರೈಸರೂ ೧೯೨೩ರಲ್ಲಿ ನರಸಿಂಹಾಚಾರ್ಯರೂ ಇಲ್ಲಿಯ ಶಾಸನಗಳನ್ನು ಪ್ರಕಟಿಸಿದಾಗ ಇಂತಹ ಯಾತ್ರಿಕರ ಹೆಸರುಗಳಿಗೂ ಅಲ್ಲಿ ಎಡೆ ದೊರೆಯಿತು. ಇಂದಿನ ಚಿತ್ರಗಳನ್ನು ಮುಂದೆ ಯಾರು ಎಲ್ಲಿ ಹುಡುಕಬೇಕು?

ಇದಕ್ಕಿಂತಲೂ ಹೆಚ್ಚಿನ ನಷ್ಟವೊಂದಿದೆ. ವಿಗ್ರಹದ ಪಾದಗಳ ಇಕ್ಕೆಲಗಳಲ್ಲಿ, ಇದನ್ನು ಚಾವುಂಡರಾಯನು ಮಾಡಿಸಿದನೆಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಕೊರೆದ ಪಂಕ್ತಿಗಳಿವೆ. ಮೂರು ನುಡಿಯ ಜನರು ಬಂದು ಓದುವರೆಂದು ತಾನೆ ಹಾಗೆ ಬರೆಯಿಸಿದ್ದು! ಮುಖವನ್ನು ಹಿಡಿಯಹೊರಟ ಮೊಬೈಲು ಮೇಲಕ್ಕೇ ನೋಡುತ್ತದೆ. ಪಾದದ ಅಕ್ಷರಗಳು ಅದರ ಕಣ್ಣಿಗೆ ಬೀಳುವುದು ಅಪೂರ್ವ.

ನಿಷೇಧವೇ ಮದ್ದೆಂದು ಕೆಲವರ ಮತ. ೨೦೨೨ರ ಡಿಸೆಂಬರಿನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ತಮಿಳುನಾಡಿನ ದೇವಾಲಯಗಳೊಳಗೆ ಮೊಬೈಲನ್ನು ನಿಷೇಧಿಸಬೇಕೆಂದು ಆಜ್ಞಾಪಿಸಿತು. ೨೦೨೩ರಲ್ಲಿ ಕೇದಾರನಾಥದಲ್ಲಿಯೂ ನಿಷೇಧದ ಫಲಕಗಳು ನಿಂತವು. ಪೂಜೆ ನಡೆಯುವ ಗರ್ಭಗೃಹದ ಮುಂದೆ ಇದು ಯುಕ್ತವೇ. ಆದರೆ ಬಯಲಿನಲ್ಲಿ ನಿಂತ ಗೊಮ್ಮಟನಿಗೆ ಈ ನಿಯಮವು ಹೊಂದದು. ಓರೆಬೆಳಕಿನಲ್ಲಿ ತೆಗೆದ ಚಿತ್ರದಿಂದ ಸವೆದ ಅಕ್ಷರವನ್ನು ಓದಬಹುದೆಂಬುದನ್ನು ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ಆ ಪಾದಶಾಸನದ ಪಾಠವನ್ನೂ ಅರ್ಥವನ್ನೂ ಮೆಟ್ಟಿಲ ಬುಡದಲ್ಲಿಯೇ ಯಾತ್ರಿಕನ ಮೊಬೈಲಿಗೆ ದೊರಕಿಸಿಕೊಟ್ಟರೆ, ಮೇಲೇರಿದಾಗ ಆತನು ಒಮ್ಮೆಯಾದರೂ ಬಗ್ಗಿ ಪಾದದ ಕಡೆಗೆ ನೋಡಿಯಾನು.